ಘಾಟಿಯಲ್ಲಿ ಹಿಂದಿನ ಚಕ್ರದಿಂದ ಹೊಗೆ ಬಂತು. ಈಗ ಬ್ರೇಕ್ ಸರಿ ಇದೆ. ಆದರೂ ಡ್ರಮ್ ಬಿಚ್ಚಿಸಬೇಕಾ?

ಶುಂಠಿ ಪಿಕಪ್, ಮೂಡಿಗೆರೆ ಕಡೆ:

ಎಲ್ಲರಿಗೂ ನಮಸ್ಕಾರ. ನನ್ನದು ಡೀಸೆಲ್ ಪಿಕಪ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಇಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು.

ಕಳೆದ ಗುರುವಾರ ಶುಂಠಿ ತುಂಬಿಕೊಂಡು ಚಾರ್ಮಾಡಿ ಇಳಿಯುತ್ತಿದ್ದೆ. ಕೊಟ್ಟಿಗೆಹಾರ ದಾಟಿ ಸ್ವಲ್ಪ ದೂರ ಹೋಗಿರಬೇಕು, ಸುಟ್ಟ ವಾಸನೆ ಬಂತು. ಮುಂದಿದ್ದ ಗಾಡಿಯದು ಅಂದುಕೊಂಡೆ. ಆಮೇಲೆ ಪೆಡಲ್ ಕೆಳಗೆ ಹೋಗೋಕೆ ಶುರುವಾಯಿತು. ಅರ್ಧಕ್ಕೇ ಹಿಡಿಯುತ್ತಿದ್ದ ಬ್ರೇಕ್ ಮುಕ್ಕಾಲು ಒತ್ತಿದರೂ ಹಿಡಿಯಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಹೇಗೋ ನಿಲ್ಲಿಸಿದೆ. ಎಡಗಡೆ ಹಿಂದಿನ ಚಕ್ರದಿಂದ ಹೊಗೆ. ಜೊತೆಗಿದ್ದ ಹುಡುಗ ಬಾಟಲಿ ನೀರು ಸುರಿಯಲು ಹೋದ. ಅಲ್ಲಿದ್ದ ಹಿರಿಯ ಡ್ರೈವರ್ ಒಬ್ಬರು "ಬೇಡ ಮಾರಾಯ, ಡ್ರಮ್ ಸೀಳುತ್ತದೆ" ಅಂತ ಕೈ ಹಿಡಿದರು. ಒಂದು ಗಂಟೆ ಕಾದೆವು. ಹೊರಡುವಾಗ ನೋಡಿದರೆ ಹ್ಯಾಂಡ್ ಬ್ರೇಕ್ ಒಂದು ಹಲ್ಲು ಮೇಲೆಯೇ ಇತ್ತು. ಅದು ನನ್ನದೇ ತಪ್ಪು.

ಮನೆಗೆ ಬಂದ ಮೇಲೆ ಅಕ್ಕನ ಮಗ ಇನ್ನೊಂದು ವಿಷಯ ಹೇಳಿದ. ಅದರ ಹಿಂದಿನ ಭಾನುವಾರ ಶಾಲೆ ಮೈದಾನದಲ್ಲಿ ಬರ್ನ್‌ಔಟ್ ಮಾಡಿದ್ದನಂತೆ, ಅಂದರೆ ಗಾಡಿ ನಿಂತಲ್ಲೇ ಹಿಂದಿನ ಚಕ್ರ ಗಿರಗಿರ ತಿರುಗಿಸುವ ಆಟ. ಬಲಗಾಲಿನ ಬೆರಳು ಬ್ರೇಕ್ ಮೇಲೆ, ಹಿಮ್ಮಡಿ ಆಕ್ಸಿಲರೇಟರ್ ಮೇಲೆ, ಕ್ಲಚ್ ಒಮ್ಮೆಲೇ ಬಿಟ್ಟು. ಮೂರು ಸಲ. "ಮಾವ, ಟೈರ್ ನೋಡಿದೆ, ಏನೂ ಆಗಿಲ್ಲ" ಅಂದ.

ಈಗ ಖಾಲಿ ಗಾಡಿಯಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಶನಿವಾರ ಮತ್ತೆ ಲೋಡ್ ಇದೆ. ಬಿಚ್ಚಿಸಬೇಕಾ, ಹಾಗೇ ಹೋಗಬಹುದಾ?

ಸಕಲೇಶಪುರದವ:

ಅಣ್ಣ, ಶಿರಾಡಿಯಲ್ಲಿ ನನಗೂ ಹೀಗೇ ಆಗಿತ್ತು. ತಣ್ಣಗಾದ ಮೇಲೆ ಸರಿ ಹೋಯಿತು. ಹಿಂದಿನ ಬ್ರೇಕ್ ಸ್ವಲ್ಪ ಟೈಟ್ ಮಾಡಿಸಿ, ಸಾಕು.

ಗ್ಯಾರೇಜ್ ಕೆಲಸದವನು, ಹಾಸನ:

ದಯವಿಟ್ಟು ಸುಮ್ನೆ ಟೈಟ್ ಮಾಡಿಸಿ ಹೋಗಬೇಡಿ. ಇಪ್ಪತ್ತು ವರ್ಷದಿಂದ ಬ್ರೇಕ್ ಕೆಲಸ ಮಾಡುತ್ತಿದ್ದೇನೆ. "ತಣ್ಣಗಾದ ಮೇಲೆ ಸರಿ ಹೋಯಿತು" ಅನ್ನುವ ಮಾತು ಕೇಳಿದರೇ ನನಗೆ ಹೆದರಿಕೆ.

ಪೆಡಲ್ ಯಾಕೆ ಕೆಳಗೆ ಹೋಯಿತು ನೋಡಿ. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ಬಟ್ಟಲು. ಒಳಗಿನ ಲೈನರ್ ಪಟ್ಟಿ ಅದಕ್ಕೆ ಉಜ್ಜಿ ಚಕ್ರ ನಿಲ್ಲಿಸುತ್ತದೆ. ಡ್ರಮ್ ಕಾದರೆ ಹಿಗ್ಗುತ್ತದೆ, ಒಳಗಿನ ಲೈನರ್‌ನಿಂದ ದೂರ ಸರಿಯುತ್ತದೆ. ಜೊತೆಗೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿರಬಹುದು. ಆಗ ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿ ತನಕ ಕುದಿಯಬಾರದು. ಹಳೆಯದಾಗುತ್ತಾ ಗಾಳಿಯ ತೇವ ಹೀರಿಕೊಂಡರೆ 140 ಡಿಗ್ರಿಗೇ ಕುದಿಯಬಹುದು. ನಮ್ಮ ಮಲೆನಾಡಿನ ತೇವ ಗೊತ್ತಲ್ವಾ? ತಣ್ಣಗಾದರೆ ಡ್ರಮ್ ಕುಗ್ಗುತ್ತದೆ, ಗುಳ್ಳೆಯೂ ಇಳಿಯುತ್ತದೆ. ಪೆಡಲ್ ಮೇಲೆ ಬರುತ್ತದೆ. ಆದರೆ ಸುಟ್ಟ ಲೈನರ್ ಸುಟ್ಟಿದ್ದೇ. ಖಾಲಿ ಗಾಡಿಯಲ್ಲಿ ಮುಂದಿನ ಡಿಸ್ಕೇ ಜಾಸ್ತಿ ಕೆಲಸ ಮಾಡುವುದರಿಂದ ನಿಮಗೆ ಅದು ಗೊತ್ತಾಗುತ್ತಿಲ್ಲ.

ಇನ್ನು ಹುಡುಗನ ವಿಷಯ. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರಕ್ಕೆ ಹಿಡಿಯುತ್ತದೆ. ಮುಂದಿನದು ಗಾಡಿಯನ್ನು ನಿಲ್ಲಿಸಿಕೊಳ್ಳುತ್ತದೆ, ಹಿಂದಿನದನ್ನು ಇಂಜಿನ್ ಜಗ್ಗಿ ತಿರುಗಿಸುತ್ತದೆ. ಚಕ್ರ ಸುತ್ತುವಷ್ಟು ಹೊತ್ತೂ ಲೈನರ್ ಡ್ರಮ್‌ಗೆ ಉಜ್ಜುತ್ತಲೇ ಇರುತ್ತದೆ. ಗಾಡಿ ನಿಂತೇ ಇರುವುದರಿಂದ ಓಡುವಾಗ ಸಿಗುವ ಗಾಳಿಯೂ ಸಿಗುವುದಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನವರು ಟೈರ್ ಬಿಸಿ ಮಾಡಲು ಇದನ್ನೇ ಮಾಡುತ್ತಾರೆ. ಆದರೆ ಅವರು ಲೈನ್ ಲಾಕ್ ಅಂತ ಒಂದು ವಾಲ್ವ್ ಹಾಕಿಸಿ ಮುಂದಿನ ಬ್ರೇಕ್ ಮಾತ್ರ ಹಿಡಿಸಿಕೊಂಡಿರುತ್ತಾರೆ. ನಿಮ್ಮ ಪಿಕಪ್‌ನಲ್ಲಿ ಅದು ಇಲ್ಲ. ಒದ್ದೆ ನೆಲದಲ್ಲಿ ಟೈರ್ ಸವೆಯದೇ ಇರಬಹುದು. ಒಳಗೆ ಲೈನರ್ ಸುಟ್ಟಿರುತ್ತದೆ.

ಹೊಗೆ ಎಡಗಡೆ ಮಾತ್ರ ಬಂತು ಅಂದಿರಿ. ಒಮ್ಮೆ ಆ ಮೈದಾನ ನೋಡಿ ಬನ್ನಿ. ಸಾದಾ ಡಿಫ್ರೆನ್ಶಿಯಲ್ (ಇಂಜಿನ್ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರು) ಇರುವ ಗಾಡಿಯಲ್ಲಿ ಹಿಡಿತ ಕಡಿಮೆ ಇರುವ ಚಕ್ರ ಒಂದೇ ಸುತ್ತುತ್ತದೆ, ಅದರ ಲೈನರೇ ಸುಡುತ್ತದೆ.

ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ. ಲೈನರ್ ಹಾಕಿಸಿದರೆ ಎರಡೂ ಕಡೆ ಹಾಕಿಸಿ, ಇಲ್ಲದಿದ್ದರೆ ಒಂದು ಕಡೆಗೆ ಎಳೆಯುತ್ತದೆ. ಲೈನರನ್ನು ಡ್ರಮ್ ಕಡೆಗೆ ಒತ್ತುವ ವೀಲ್ ಸಿಲಿಂಡರ್ ರಬ್ಬರ್, ಆಕ್ಸಲ್ ಆಯಿಲ್ ಸೀಲ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲಾ ನೋಡಿಸಿ. ಆಯಿಲ್ ಪೂರ್ತಿ ಬದಲಾಯಿಸಿ.

ಎಸ್ಟೇಟ್ ಜೀಪು, ಕೊಪ್ಪ:

ನಾನು ಆಗುಂಬೆಯ 14 ತಿರುವು ವಾರಕ್ಕೆ ಎರಡು ಸಲ ಇಳಿಯುವವಳು. ಗ್ಯಾರೇಜಿನವರು ಹೇಳಿದ್ದು ಮಾಡಿಸಿ. ಜೊತೆಗೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ? ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ನಮ್ಮಪ್ಪ ಕಲಿಸಿದ್ದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪೆಡಲ್ ಮೇಲೆ ಕಾಲು ಸುಮ್ಮನೆ ಊರಿಕೊಂಡೂ ಇರಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಇನ್ನೊಂದು, ಡ್ರಮ್ ಕಾದಿರುವಾಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ. ತಣ್ಣಗಾಗುತ್ತಾ ಡ್ರಮ್ ಕುಗ್ಗಿ ಕಚ್ಚಿಕೊಳ್ಳಬಹುದು. ಚಕ್ರಕ್ಕೆ ಕಲ್ಲು ಕೊಡಿ.

ಶುಂಠಿ ಪಿಕಪ್, ಮೂಡಿಗೆರೆ ಕಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನೀವು ಕೇಳಿದ್ದು ನಿಜ. ಥರ್ಡ್‌ನಲ್ಲಿ, ಕೆಲವು ಕಡೆ ನ್ಯೂಟ್ರಲ್‌ನಲ್ಲಿ ಇಳಿಯುತ್ತಿದ್ದೆ.

ಮೈದಾನಕ್ಕೆ ಹೋಗಿದ್ದೆ. ಗೋಲ್ ಕಂಬದ ಹತ್ತಿರ ಒಂದೇ ಗುಂಡಿ, ಎಡ ಚಕ್ರ ಇದ್ದ ಕಡೆ. ಬಲಗಡೆ ಹುಲ್ಲು ಹಾಗೇ ಇದೆ.

ನಿನ್ನೆ ಬಿಚ್ಚಿಸಿದೆವು. ಟಾರ್ಚ್ ಹಿಡಿಯಲು ಅಕ್ಕನ ಮಗನನ್ನೇ ಕರೆದುಕೊಂಡು ಹೋದೆ. ಎಡಗಡೆ ಲೈನರ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರಿನಲ್ಲಿ ಕೆರೆದರೂ ಪುಡಿ ಬರಲಿಲ್ಲ. ಅಡ್ಡಕ್ಕೆ ಕೂದಲಿನಷ್ಟು ಸಣ್ಣ ಬಿರುಕು. ಡ್ರಮ್ ಒಳಗೆ ನೀಲಿ ಕಲೆಗಳು. ವೀಲ್ ಸಿಲಿಂಡರ್ ರಬ್ಬರ್ ಒಣಗಿದ ಹುಣಸೆ ಸಿಪ್ಪೆ ಥರ ಮುರಿಯಿತು. ಆಯಿಲ್ ಕಾಫಿ ಬಣ್ಣ. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದಿತ್ತು, ಬಿಟ್ಟರೂ ಪೂರ್ತಿ ವಾಪಸ್ ಹೋಗುತ್ತಿರಲಿಲ್ಲ. ಹುಡುಗ ಆ ಲೈನರನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. "ಮಾವ, ನೀವು ಇದರ ಮೇಲೆ ಘಾಟಿ ಇಳಿದಿರಾ?" ಅಂತ ಕೇಳಿದ.

ಎರಡೂ ಡ್ರಮ್, ಎರಡೂ ಕಡೆ ಲೈನರ್, ಸಿಲಿಂಡರ್ ಕಿಟ್, ಕೇಬಲ್, ಆಯಿಲ್, ಎಲ್ಲಾ ಹೊಸದು ಹಾಕಿಸಿದೆ. ಇವತ್ತು ಲೋಡ್ ಹಾಕಿ ಸೆಕೆಂಡ್ ಗೇರಿನಲ್ಲೇ ಇಳಿದೆ. ಅವನೂ ಬಂದಿದ್ದ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಎರಡೂ ಚಕ್ರಗಳ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿದೆವು. ಎರಡೂ ಕಡೆ ಒಂದೇ ಥರ ಬೆಚ್ಚಗಿತ್ತು.