ಮಂಕು, ಮಬ್ಬು, ಮಸುಕು: ಮಾನಿಟರ್‌ನ ಯಾವ ತೊಂದರೆಗೆ ಯಾವ ಪದ?

ಗೆಳೆಯರೇ,

ನಾನು ವಿರಾಜಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಮಳೆಗಾಲ ಹಿಡಿಯಿತೆಂದರೆ ನನ್ನ ಅಂಗಡಿಯಲ್ಲಿ ಮಾನಿಟರ್‌ಗಳದ್ದೇ ಸಾಲು. ಕರೆಂಟ್ ಹೋಗಿ ಬಂದು ಮಾಡುತ್ತದೆ, ಗಾಳಿಯಲ್ಲೇ ತೇವ ಇರುತ್ತದೆ. ಆದರೆ ಈಗ ಕೇಳಲು ಬಂದಿರುವುದು ರಿಪೇರಿ ಬಗ್ಗೆ ಅಲ್ಲ, ಪದಗಳ ಬಗ್ಗೆ.

ಹೋದ ಜುಲೈನಲ್ಲಿ ನಾಪೋಕ್ಲು ಕಡೆಯ ಕಾಫಿ ತೋಟದ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು ಫೋನ್ ಮಾಡಿದರು. "ಮಾನಿಟರ್ ಮಬ್ಬಾಗಿದೆ ಅಣ್ಣ, ಲೆಕ್ಕ ಬರೆಯೋಕೆ ಆಗ್ತಿಲ್ಲ" ಎಂದರು. ಮಬ್ಬು ಎಂದ ಕೂಡಲೇ ನಾನು ಬೆಳಕು ಕಮ್ಮಿಯಾಗಿದೆ ಎಂದುಕೊಂಡೆ. ಬಿಚ್ಚಿ ನೋಡಬೇಕು, ತನ್ನಿ ಎಂದೆ. ಪಾಪ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಆ ಮಳೆಯಲ್ಲಿ ಬಸ್ಸು ಹತ್ತಿ ತಂದರು. ನನ್ನ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಏನೂ ತೊಂದರೆ ಇಲ್ಲ! ಅವರ ಕಂಪ್ಯೂಟರ್‌ನಲ್ಲಿ ಯಾರೋ ರೆಸಲ್ಯೂಷನ್, ಅಂದರೆ ಚಿತ್ರದ ಅಡ್ಡಕ್ಕೆ, ಉದ್ದಕ್ಕೆ ಎಷ್ಟೆಷ್ಟು ಚುಕ್ಕಿ (ಪಿಕ್ಸೆಲ್) ಎಂಬ ಲೆಕ್ಕವನ್ನು, 1024×768ಕ್ಕೆ ಇಳಿಸಿಬಿಟ್ಟಿದ್ದರು. ಮಾನಿಟರ್ 1920×1080ರದ್ದು. ಕಡಿಮೆ ಚುಕ್ಕಿಗಳ ಚಿತ್ರವನ್ನು ಎಳೆದು ಜಾಸ್ತಿ ಚುಕ್ಕಿಗಳ ಮೇಲೆ ಹಾಸಿದಾಗ ಅಕ್ಷರದ ಅಂಚು ಕದಡಿ ಹೋಗುತ್ತದೆ. ಫೋನಿನಲ್ಲೇ ಹೇಳಿ ಸರಿ ಮಾಡಿಸಬಹುದಿತ್ತು. ಅವರ ಒಂದು ದಿನ ಸುಮ್ನೆ ಹಾಳಾಯಿತು. ಅದು ನನಗೆ ಇನ್ನೂ ಬೇಜಾರು.

ಅಂದಿನಿಂದ ಯಾರು ಫೋನ್ ಮಾಡಿದರೂ ಅವರು ಬಳಸುವ ಪದವನ್ನು ಗಮನ ಕೊಟ್ಟು ಕೇಳುತ್ತಿದ್ದೇನೆ. ಮಂಕು, ಮಬ್ಬು, ಮಸುಕು ಮೂರನ್ನೂ ಜನ ಒಂದೇ ಎಂಬಂತೆ ಹೇಳುತ್ತಾರೆ. ನನ್ನ ಕಿವಿಗೆ ಅವು ಒಂದೇ ಅಲ್ಲ.

ದೀಪ ಮಂಕಾಯಿತು ಎನ್ನುತ್ತೇವೆ. ಅಂದರೆ ಬೆಳಕು ಸೋತಿದೆ. ಎಲ್‌ಸಿಡಿ ಪ್ಯಾನೆಲ್‌ಗೆ ಸ್ವಂತ ಬೆಳಕಿಲ್ಲ. ಅದು ಹಿಂದಿನಿಂದ ಬರುವ ಬೆಳಕನ್ನು ಬಿಡುವ, ತಡೆಯುವ ಕೆಲಸ ಮಾಡುತ್ತದೆ ಅಷ್ಟೇ. ಆ ಬೆಳಕಿಗೆ ಹಳೆಯದರಲ್ಲಿ ತೆಳ್ಳನೆಯ ಟ್ಯೂಬ್, ಈಗಿನದರಲ್ಲಿ ಎಲ್‌ಇಡಿ. ಆ ಬೆಳಕು ಪೂರ್ತಿ ಹೋದರೆ ಜನ "ಸ್ಕ್ರೀನ್ ಹೋಯ್ತು" ಎನ್ನುತ್ತಾರೆ. ಹೋಗಿರುವುದು ಸ್ಕ್ರೀನ್ ಅಲ್ಲ! ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಚಿತ್ರ ಒಳಗೆ ಸಣ್ಣಗೆ ಕಾಣುತ್ತದೆ. ಟ್ಯೂಬ್ ಇರುವ ಮಾನಿಟರ್ ಹಚ್ಚಿದ ಎರಡು ಸೆಕೆಂಡಿಗೆ ಕಪ್ಪಾದರೆ ಟ್ಯೂಬ್ ಅಥವಾ ಅದಕ್ಕೆ ಕರೆಂಟ್ ಕೊಡುವ, ಮಾನಿಟರ್ ಒಳಗಿನ ಇನ್ವರ್ಟರ್ ಮೇಲೆ ಅನುಮಾನ. ಎಷ್ಟೋ ಸಲ ಪವರ್ ಬೋರ್ಡ್‌ನ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಡಬ್ಬಿಯಂಥ ಭಾಗ) ತಲೆ ಉಬ್ಬಿರುತ್ತದೆ. ಅಷ್ಟೇ ಅಳತೆಯ (ಮೈಕ್ರೋಫ್ಯಾರಡ್), ವೋಲ್ಟೇಜ್ ಕಮ್ಮಿ ಇಲ್ಲದ ಹೊಸದನ್ನು ಬೆಸುಗೆ ಹಾಕಿದರೆ ಮುಗಿಯಿತು. (ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಗೊತ್ತಿಲ್ಲದವರು ದಯವಿಟ್ಟು ಕೈ ಹಾಕಬೇಡಿ.) "ಸ್ಕ್ರೀನ್ ಹೋಯ್ತು" ಎಂಬ ಒಂದು ಮಾತಿನಿಂದ ಒಳ್ಳೆಯ ಪ್ಯಾನೆಲ್‌ಗಳು ಗುಜರಿಗೆ ಹೋಗುವುದನ್ನು ನೋಡಿದ್ದೇನೆ. ಪದ ಸರಿಯಿರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಮಸುಕು ಎಂದರೆ ಬೆಳಕು ಸರಿಯಿದೆ, ಅಂಚು ಇಲ್ಲ. ನಮ್ಮ ರೈಟರ್ ಹೇಳಬೇಕಿದ್ದದ್ದು ಇದನ್ನು. ಕಂಪ್ಯೂಟರ್‌ನಿಂದ ಚಿತ್ರ ತರುವ ವಿಜಿಎ ಕೇಬಲ್ ಸಡಿಲವಾದರೂ ಹೀಗಾಗುತ್ತದೆ.

ಮಬ್ಬು ಎಂದರೆ ಮೇಲೆ ಏನೋ ಕವಿದದ್ದು, ಮೋಡದ ಹಾಗೆ. ಪ್ಯಾನೆಲ್ ಹಿಂದಿನ ಬಿಳಿ ಹಾಳೆಗಳ ನಡುವೆ ತೇವ ಸೇರಿದರೆ ಒಂದು ಮೂಲೆಯಲ್ಲಿ ಕಲೆ ಹಬ್ಬುತ್ತದೆ. ಇದಕ್ಕೆ ನಮ್ಮ ಕಡೆಯವರು ಹೇಳುವ ಮಾತು ನನಗೆ ತುಂಬ ಇಷ್ಟ: "ಮೂಲೇಲಿ ಮಂಜು ಕೂತಿದೆ." ಮಡಿಕೇರಿ, ಭಾಗಮಂಡಲದ ಮಂಜು ನೋಡಿದವರಿಗೆ ಇದಕ್ಕಿಂತ ಸರಿಯಾದ ಪದ ಬೇಕಾ? ಆದರೆ ಅಜ್ಜಿಯರು "ಕಣ್ಣು ಮಂಜಾಗಿದೆ" ಎನ್ನುವಾಗ ಅರ್ಥ ಮಸುಕಿಗೆ ಹತ್ತಿರ, ಅಲ್ವಾ? ಹಾಸನ, ಧಾರವಾಡ, ಕಲಬುರಗಿ ಕಡೆಯವರು ಹೇಳಿ: "ಮಾನಿಟರ್‌ನಲ್ಲಿ ಮಂಜು" ಎಂದರೆ ನಿಮಗೆ ಕಣ್ಣ ಮುಂದೆ ಬರುವುದು ಬಿಳಿ ಕಲೆಯೋ, ಕದಡಿದ ಅಕ್ಷರವೋ?

ಬೆಳಕು ಪಟಪಟ ಬಡಿಯುವುದಕ್ಕೆ ಕೆಲವರು ಮಿನುಗು ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ನಕ್ಷತ್ರ ಮಿನುಗುತ್ತದೆ, ಮೂಗುತಿ ಮಿನುಗುತ್ತದೆ. ಅದು ಚೆಂದದ ಮಾತು. ತೊಂದರೆಗೆ ಮಿಣುಕು ಸಾಕು. ಸ್ಕ್ರೀನ್ ಮೇಲೆ ಮೂಡುವ ಗೆರೆಗೆ ಪದದ ಜಗಳವೇ ಇಲ್ಲ. ಕೇಬಲ್ ಕಿತ್ತ ಮೇಲೂ, ಮಾನಿಟರ್‌ನ ಸ್ವಂತ ಮೆನುವಿನ ಮೇಲೂ ಗೆರೆ ಉಳಿದರೆ ತೊಂದರೆ ಮಾನಿಟರ್‌ನದ್ದೇ.

ನಿಜಕ್ಕೂ ನನಗೆ ಪದ ಸಿಗದೆ ಇರುವುದು ಚುಕ್ಕಿಗೆ. 1920×1080ರಲ್ಲಿ 20,73,600 ಚುಕ್ಕಿ. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ. ಒಂದು ಚುಕ್ಕಿ ಯಾವಾಗಲೂ ಕಪ್ಪಾಗಿಯೇ ಉಳಿಯಬಹುದು. ಇನ್ನೊಂದು ಏನು ಮಾಡಿದರೂ ಕೆಂಪಾಗಿಯೋ ಹಸಿರಾಗಿಯೋ ಉರಿಯುತ್ತಲೇ ಇರಬಹುದು. ಮೊದಲನೆಯದಕ್ಕೆ "ಸತ್ತ ಚುಕ್ಕಿ" ಪರವಾಗಿಲ್ಲ. ಎರಡನೆಯದಕ್ಕೆ "ಅಂಟಿದ ಚುಕ್ಕಿ" ಎಂದು ಹೇಳಿ ನೋಡಿದೆ. ಕೇಳಿದವರು ಒದ್ದೆ ಬಟ್ಟೆ ತಂದು ಒರೆಸತೊಡಗಿದರು!

ಈಗ ದೀಪದ ಮಾತಿನಿಂದಲೇ ತೆಗೆದು "ಹತ್ತದ ಚುಕ್ಕಿ", "ಆರದ ಚುಕ್ಕಿ" ಎನ್ನುತ್ತಿದ್ದೇನೆ. ಗಿರಾಕಿಗಳಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಆದರೆ ಮನಸ್ಸಿನಲ್ಲಿ ಒಂದು ಕೊಸರು ಉಳಿದಿದೆ. ಆಗಲೇ ಹೇಳಿದ ಹಾಗೆ ಚುಕ್ಕಿಗೆ ಸ್ವಂತ ಬೆಳಕಿಲ್ಲ. ಅದೊಂದು ಪುಟ್ಟ ಕಿಟಕಿ. ಹಾಗಿದ್ದರೆ "ತೆರೆಯದ ಚುಕ್ಕಿ", "ಮುಚ್ಚದ ಚುಕ್ಕಿ" ಎನ್ನುವುದು ಸರಿಯಲ್ಲವೇ? ಆದರೆ ತೆರೆ ಎಂದರೆ ಪರದೆಯೂ ಹೌದು, ಅಲ್ಲಿ ಮತ್ತೆ ಗೊಂದಲ. ಕಣ್ಣಿಗೆ ಕಾಣುವುದನ್ನು ಹೇಳುವ ಪದ ಇಟ್ಟುಕೊಳ್ಳಲೋ, ಒಳಗೆ ನಡೆಯುವುದನ್ನು ಹೇಳುವ ಪದವೋ? ನಿಮ್ಮ ಊರಿನ ರಿಪೇರಿಯವರು ಬೇರೆ ಏನಾದರೂ ಅನ್ನುತ್ತಾರಾ? ಕೇಳಿ ತಿಳಿಸಿ.