ಅಪ್‌ಡೇಟ್: ಹೀಟ್ ಪಂಪ್ ಹಾಕಿಸಿದರೂ ಮನೆ ಬೆಚ್ಚಗಾಗದ ತೊಂದರೆ ನೀಗಿತು

ಗ್ಯಾಸ್ ಬಾಯ್ಲರ್ ತೆಗೆಸಿ, ಹೊರಗಿನ ಗಾಳಿಯಿಂದ ಶಾಖ ಹೀರುವ ಹೀಟ್ ಪಂಪ್ ಹಾಕಿಸಿದ ಮೇಲೆ ಬೆಳಗಿನ ಹೊತ್ತು ಕೋಣೆಗಳು ತಣ್ಣಗಿರುತ್ತವೆ, ವಿದ್ಯುತ್ ಬಳಕೆ ಮಾತ್ರ ಏರುತ್ತಲೇ ಇದೆ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಫಲ ಕೊಟ್ಟದ್ದು, ರಾತ್ರಿ ಪಂಪ್ ನಿಲ್ಲಿಸದೆ ಕಡಿಮೆ ಉಷ್ಣತೆಯ ನೀರಿನಲ್ಲೇ ದಿನವಿಡೀ ಓಡಿಸಿ ಎಂಬ ಸಲಹೆ. ಬಾಯ್ಲರಿನ ಕಾಲದ ಅಭ್ಯಾಸದಂತೆ ನಾನು ರಾತ್ರಿ ಆರಿಸಿ, ಬೆಳಿಗ್ಗೆ ರೇಡಿಯೇಟರುಗಳಿಗೆ (ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಫಲಕಗಳಿಗೆ) 55 ಡಿಗ್ರಿಯ ನೀರು ಹರಿಸುತ್ತಿದ್ದೆ. ಅದನ್ನು ದಿನಕ್ಕೆ ಎರಡೆರಡು ಡಿಗ್ರಿಯಂತೆ ಇಳಿಸುತ್ತ 41ಕ್ಕೆ ತಂದು, ರೇಡಿಯೇಟರುಗಳ ವಾಲ್ವ್‌ಗಳನ್ನು ಪೂರ್ತಿ ತೆರೆದಿಟ್ಟ ಮೇಲೆ ಕೋಣೆಗಳು ಹಗಲೂ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲೇ ಇವೆ. ಹೊರಗಿನ ಗಾಳಿಗೂ ಒಳಗಿನ ನೀರಿಗೂ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ದುಡಿಯಬೇಕಾಗುತ್ತದೆ ಎಂಬುದು ನನಗೆ ಮೊದಲು ಹೊಳೆದಿರಲಿಲ್ಲ.

ನೀರಿನ ಉಷ್ಣತೆಯನ್ನು ಇನ್ನೂ ಏರಿಸುವ ಸಲಹೆಯಿಂದ ಬಳಕೆ ಹೆಚ್ಚಿತೇ ಹೊರತು ಪ್ರಯೋಜನವಾಗಲಿಲ್ಲ. ಫಿಲ್ಟರ್ ಶುಚಿಗೊಳಿಸಿದ್ದರಿಂದಲೂ ವ್ಯತ್ಯಾಸ ಕಾಣಲಿಲ್ಲ.

ನನ್ನನ್ನು ನಿಜಕ್ಕೂ ಚಕಿತಗೊಳಿಸಿದ ಸಂಗತಿ ಬೇರೆ. ತಣ್ಣಗಾದ ಮನೆಯನ್ನು ಬೇಗ ಬಿಸಿ ಮಾಡಲು ಪ್ರತಿ ಬೆಳಿಗ್ಗೆ ಒಳಗಿನ ಸಹಾಯಕ ವಿದ್ಯುತ್ ಹೀಟರ್ ತಾನಾಗಿಯೇ ಚಾಲೂ ಆಗುತ್ತಿತ್ತು. ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಟ್ಟರೆ, ಆ ಹೀಟರ್ ಕೊಡುವುದು ಒಂದೇ ಯೂನಿಟ್. ಬಳಕೆ ಹೆಚ್ಚಿದ್ದರೆ ಮೊದಲು ಅದರ ಸೆಟ್ಟಿಂಗ್ ನೋಡಿ.

ಹೊರಗಿನ ಘಟಕದಿಂದ ಆಗಾಗ ಏಳುತ್ತಿದ್ದ ಬಿಳಿ ಹಬೆ ದೋಷವಲ್ಲವಂತೆ. ಅದು ಗಾಳಿಯಿಂದ ಶಾಖ ಹೀರುವ ಕೊಳವೆಸುರುಳಿಯ (ಕಾಯಿಲ್) ಮೇಲಿನ ಹಿಮವನ್ನು ಯಂತ್ರವೇ ಕರಗಿಸಿಕೊಳ್ಳುವ ಕ್ರಮ.