ಕೊತ್ತಂಬರಿಗೂ ತಿಗಣೆಗೂ ಏನು ಸಂಬಂಧ?

ಪುಟ್ಟಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಫಾರ್ವರ್ಡ್ ನೋಡಿದೆ. ಕೊತ್ತಂಬರಿ ಅಂದರೆ ತಿಗಣೆ ಸೊಪ್ಪು ಅಂತ ಅರ್ಥವಂತೆ! ಅದನ್ನು ಓದಿದ ಮೇಲೆ ನಿನ್ನ ದೊಡ್ಡಮ್ಮ ಸೊಪ್ಪಿನ ಕಟ್ಟನ್ನೇ ದೂರ ಸರಿಸಿದ್ದಾಳೆ. ಟೈಪ್ ಮಾಡೋಕೆ ಕನ್ನಡಕ ಸಿಗಲಿಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತೇನೆ, ಕೇಳು.

ತಿಗಣೆ ಕಥೆ ಇರೋದು ಇಂಗ್ಲಿಷಿನ ಕೊರಿಯಾಂಡರ್‌ಗೆ. ನಮ್ಮ ಕೊತ್ತಂಬರಿಗಲ್ಲ. ಗ್ರೀಕಿನಲ್ಲಿ ಕೋರಿಸ್ ಅಂದರೆ ತಿಗಣೆ. ಗಿಡಕ್ಕೆ ಕೊರಿಯಾನ್ನೊನ್, ಕೊರಿಯಾಂಡ್ರೊನ್ ಅಂತಿದ್ದರು. ಹಸಿ ಸೊಪ್ಪಿನ ವಾಸನೆಗೂ ತಿಗಣೆ ವಾಸನೆಗೂ ಆಲ್ಡಿಹೈಡ್ ಅನ್ನುವ ಒಂದೇ ಜಾತಿಯ ರಾಸಾಯನಿಕಗಳು ಕಾರಣ, ಅದು ನಿಜ. ನಿನ್ನ ತಂಗಿ ಸೋಪಿನ ವಾಸನೆ ಅಂತ ಮೂಗು ಮುಚ್ಚುತ್ತಾಳಲ್ಲ, ಅದೂ ಇದರದ್ದೇ ಕೆಲಸ. ಆದರೆ ಹೆಸರು ಅಲ್ಲಿಂದಲೇ ಬಂತು ಅನ್ನೋದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. ಯಾಕೆ ಗೊತ್ತಾ? ಗ್ರೀಸಿನ ಪೈಲೊಸ್ ಅರಮನೆಯಲ್ಲಿ 3,000 ವರ್ಷಕ್ಕೂ ಹಿಂದಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಒಂದರಲ್ಲಿ ಸುಗಂಧದ ಎಣ್ಣೆ ಕಾಯಿಸುವವನಿಗೆ ಕೊಟ್ಟ ಸಾಮಾನಿನ ಲೆಕ್ಕ ಇದೆ. ಅದರಲ್ಲಿ ಕೊರಿಯದನ, ಅಂದರೆ ಇದೇ ಕೊತ್ತಂಬರಿ! ಪರಿಮಳಕ್ಕೆ ಅಂತ ತರಿಸಿದ ವಸ್ತುವಿಗೆ ತಿಗಣೆ ಅಂತ ಯಾರಾದರೂ ಹೆಸರಿಡ್ತಾರಾ? ಕೋರಿಸ್ ಅನ್ನೋ ಪದ ಕೇಳಿದವರು ಆಮೇಲೆ ಗಂಟು ಹಾಕಿದ್ದು ಅಂತ ನನ್ನ ಅನಿಸಿಕೆ. ಅಮೆರಿಕದವರು ಹೇಳೋ ಸಿಲಾಂಟ್ರೋ ಕೂಡ ಇದೇ ಪದ, ಲ್ಯಾಟಿನ್‌ನಿಂದ ಸ್ಪ್ಯಾನಿಷಿಗೆ ಹೋಗಿ ಸವೆದದ್ದು.

ಈಗ ನಮ್ಮದಕ್ಕೆ ಬರೋಣ. ಕೊತ್ತಂಬರಿಗೆ ಸಂಸ್ಕೃತದ ಕುಸ್ತುಂಬುರು, ಕುಸ್ತುಂಬರೀ ಮೂಲ. ಮರಾಠಿಯ ಕೋಥಿಂಬೀರ್ ಕೂಡ ಅದೇ ಮನೆಯದು. ಇದಕ್ಕೇ ಅಂತ ಪಾಣಿನಿ ಒಂದು ಸೂತ್ರ ಬರೆದಿದ್ದಾನೆ ಕಣೋ! 'ಕುಸ್ತುಂಬುರೂಣಿ ಜಾತಿಃ' ಅಂತ. ತುಂಬುರು ಅಂತ ಒಂದು ಹಣ್ಣು. ಅದರ ಮೊದಲಿಗೆ 'ಕು' ಸೇರಿಸಿದರೆ ಕುತುಂಬುರು, ಅಂದರೆ ಕೆಟ್ಟ ತುಂಬುರು ಹಣ್ಣು. ನಡುವೆ ಒಂದು ಸಕಾರ ಬಂದು ಕುಸ್ತುಂಬುರು ಆಯಿತೋ, ಆಗ ಅದು ಗಿಡದ ಹೆಸರು. ಕೊತ್ತಂಬರಿಗೆ ವ್ಯಾಕರಣದಲ್ಲೇ ಒಂದು ಸೀಟು ರಿಸರ್ವ್ ಆಗಿದೆ, ನೋಡು.

ಅರಬಿಯಲ್ಲಿ ಕೊತ್ತಂಬರಿಗೆ ಕುಜ್ಬರಾ ಅಂತಾರೆ. ಸುಮ್ನೆ ಒಂದು ಸಲ ಅದನ್ನೂ ಸಂಸ್ಕೃತದ ಕುಸ್ತುಂಬರೀಯನ್ನೂ ಜೋರಾಗಿ ಹೇಳು. ಅಕ್ಕತಂಗಿಯರ ಥರ ಕೇಳಿಸುತ್ತವೆ, ಅಲ್ವಾ?

ಧನಿಯಾಕ್ಕೆ ಬೇರೆ ದಾರಿ. ಧಾನ್ಯದಿಂದ ಧಾನ್ಯಕ, ಅಲ್ಲಿಂದ ಧನಿಯಾ. ಕಾಳಿನ ಕಡೆಯಿಂದ ಬಂದ ಹೆಸರು. ಧಾರವಾಡದ ಕಡೆಯವರು ಆ ಕಾಳಿಗೇ ಹವೀಜ ಅಂತಾರೆ.

ದೊಡ್ಡಮ್ಮ ಪಕ್ಕದಲ್ಲೇ ಕೂತು ಎಲ್ಲಾ ಕೇಳಿದಳು. ಕಟ್ಟು ಬಿಚ್ಚಿ ಸೊಪ್ಪು ಬಿಡಿಸೋಕೆ ಶುರು ಮಾಡಿದ್ದಾಳೆ. ಆ ಫಾರ್ವರ್ಡ್ ನಿನಗೆ ಯಾರು ಕಳಿಸಿದರೋ ಅವರಿಗೂ ಇದನ್ನು ಕಳಿಸಿಬಿಡು.